ಕಲ್ಲಿಗೆ ಕೂತವಳ ಹಿಡಿ

ಜರ್ಮನಿಯವರು ಯುದ್ಧ ಹೂಡಿದ್ದು ನಮ್ಮ ಚಳ್ಳಕೆರೆಯ ಕಂಬಳಿ ಜೋಗಪ್ಪನನ್ನು ಸಾಹುಕಾರನನ್ನಾಗಿ ಮಾಡುವುದಕ್ಕೇ ಹೊರತು ಬೇರಾವ ಕಾರಣಕ್ಕೂ ಅಲ್ಲ. ದಂಡಿಗೆ ಚಳಿಯಾಯಿತು, ಚಳಿಗೆ ಕಂಬಳಿ ಬೇಕಾಯಿತು, ಕಂಬಳಿಯೆಂದರೆ ಭೂಮಂಡಲದಲ್ಲಿ ಚಳ್ಳಕೆರೆ ಬಿಟ್ಟರೆ ಇನ್ನೊಂದು ಊರಿಲ್ಲ. ಬಳ್ಳಾರಿಗೆ ಹೊರಟ ಗಾಡಿಗಳ ಸಾಲು ಎಷ್ಟು ಉದ್ದವಿತ್ತೆಂದರೆ, ಮೊದಲನೆಯ ಗಾಡಿ ಬಳ್ಳಾರಿಯಲ್ಲಿ ಸರಕು ಇಳಿಸಿ ತಿರುಗಿ ಬರುವಾಗ ಕೊನೆಯ ಗಾಡಿಗೆ ಜೋಗಪ್ಪನ ಹಿತ್ತಲಲ್ಲಿ ಇನ್ನೂ ಎತ್ತು ಹೂಡುತ್ತಿದ್ದರು.

ಯುದ್ಧಕ್ಕೆ ಮೊದಲು ಇದೇ ಜೋಗಪ್ಪ ಹುಣಸೆ ಬೀಜದ ಗಂಜಿಯನ್ನು ಕಂಬಳಿಗೆ ಬಳಿದು, ಅದೇ ಕೈ ಕೊಡವಿ ಮುದ್ದೆ ಮುರಿಯುತ್ತಿದ್ದವನು. ಈಗ ಕಲ್ಲಿನ ಮನೆ ಎದ್ದಿತು. ಅದರ ತಲೆಬಾಗಿಲಿನ ಎತ್ತರಕ್ಕೆ ಆನೆ ಅಂಬಾರಿ ಸಮೇತ ಒಳಗೆ ಬಂದು, ಉಂಡು, ಕೈತೊಳೆದು ಹೋಗಬಹುದಿತ್ತು. ಒಲೆಯ ಮೇಲೆ ಹೊಸಪೇಟೆ ಕಡೆಯ ಬಿಳಿ ಅಕ್ಕಿ ಬೆಂದಿತು. ಹೆಂಡತಿ ಸೂರಮ್ಮನ ಕೈಗೆ ಚಿನ್ನದ ಕಡಗ ಬಂದವು. ಮಗನಿಗೆ ಮೊಳಕಾಲ್ಮೂರಿನಿಂದ ರೇಷ್ಮೆ ನೇಯುವವರ ಮಗಳು ಚಿನ್ನಕ್ಕನನ್ನು ತಂದು ಮದುವೆ ಮಾಡಿದರು. ಮಗ ಕಂಬಳಿ ಗಾಡಿಯ ಹಿಂದೆ ಬಳ್ಳಾರಿಯಲ್ಲೇ ಹೆಚ್ಚು ಕಾಲ ಇರುತ್ತಿದ್ದ.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಒಂದು ಬೀಸುವ ಕಲ್ಲು, ಅದರ ಪಕ್ಕದ ಒಂದು ಮಣ್ಣಿನ ಗಡಿಗೆ, ಮತ್ತು ಜೋಗಪ್ಪನ ಅವ್ವ ಯರ್ರಮ್ಮ.

ಹಿಂದೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಯರ್ರಮ್ಮ ಹಾಲುಗೂಸು ಜೋಗಪ್ಪನನ್ನು ಕಂಕುಳಲ್ಲಿಟ್ಟುಕೊಂಡು ಮೊಳಕಾಲ್ಮೂರಿನವರೆಗೆ ನಡೆದಿದ್ದಳು. ಅಲ್ಲಿ ಯಾರೋ ಒಬ್ಬಳು ಬೀಸಲು ಕೂತಿದ್ದವಳು, ತನ್ನ ಮೊರದಲ್ಲಿದ್ದ ಸ್ವಲ್ಪ ಕಾಳಿನಲ್ಲೇ ಒಂದು ಹಿಡಿ ತೆಗೆದು ಇವಳ ಸೆರಗಿಗೆ ಹಾಕಿ ಆಮೇಲೆ ಕಲ್ಲು ತಿರುಗಿಸಿದಳು. ಹೆಸರು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಊರಿಗೆ ಬಂದ ಮೇಲೆ ಯರ್ರಮ್ಮ ಅದನ್ನೇ ಮನೆಯ ಕಟ್ಟಳೆ ಮಾಡಿದಳು. ಕಲ್ಲಿಗೆ ಕೂತವಳು ತಾನು ಉಣ್ಣುವ ಕಾಳಿನಲ್ಲಿ ಒಂದು ಹಿಡಿ ಗಡಿಗೆಗೆ ಹಾಕಬೇಕು, ಆಮೇಲೆ ಬೀಸಬೇಕು. ಸಂತೆಯ ದಿನ ಗಡಿಗೆಯ ಕಾಳಿನ ಅಂಬಲಿ ಕಾಸಿ ಜಗಲಿಯ ಮೇಲೆ ದಾರಿಹೋಕರಿಗೆ ಹುಯ್ಯಬೇಕು.

“ಈ ಮನೆ ಹಿಡಿ ತಪ್ಪಿದ ದಿನ ಈ ಮನೆ ತುತ್ತು ನನಗೆ ತಪ್ಲಿ” ಎಂದು ಅವಳು ಎಲ್ಲರ ಮುಂದೆ ಹೇಳಿದ್ದಳು. ಯರ್ರಮ್ಮ ಮಾತು ಕೊಟ್ಟರೆ ಬೆಟ್ಟ ಬೇಕಾದರೆ ಸರಿದು ನಿಲ್ಲುತ್ತದೆ, ಅವಳು ಸರಿಯುವುದಿಲ್ಲ ಎಂದು ಊರು ನಂಬಿತ್ತು.

ಯರ್ರಮ್ಮನ ಬಲತೋಳು ವಾತ ಹಿಡಿದು ಬಿದ್ದುಹೋದ ಮೇಲೆ ಕಲ್ಲಿಗೆ ಸೂರಮ್ಮ ಕೂತಳು. ಕಡಗ ಬಂದ ಮೇಲೆ ಸೂರಮ್ಮ ಎದ್ದಳು. ಕಲ್ಲಿನ ಗೂಟಕ್ಕೆ ತಗುಲಿ ಕಡಗ ನೆಗ್ಗುತ್ತವೆ ಎಂಬುದು ಕಾರಣ. ಮನೆಯವರಿಗೆ ಅನ್ನವಾದರೂ ಮುದ್ದೆ ಬಿಡದ ಯರ್ರಮ್ಮನಿಗೆ, ಉಣ್ಣೆ ಬಡಿಯುವ ಆಳುಗಳಿಗೆ ರಾಗಿ ಮುದ್ದೆ, ಜೋಳದ ರೊಟ್ಟಿ ಆಗಲೇಬೇಕಲ್ಲ. ಅದಕ್ಕೆ ಹಿಂದಿನ ಓಣಿಯ ಮುದ್ದಕ್ಕನನ್ನು ಬೀಸಲು ಗೊತ್ತು ಮಾಡಿದರು. ಗಂಡನಿಲ್ಲದ ಹೆಂಗಸು, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಕೋಳಿ ಕೂಗುವ ಹೊತ್ತಿಗೆ ಬಂದು, ಬಿಸಿಲೇರುವುದರೊಳಗೆ ಬೀಸಿ, ಕೂಲಿಯ ಸಜ್ಜೆ ಉಡಿಗೆ ಹಾಕಿಸಿಕೊಂಡು ಹೋಗುತ್ತಿದ್ದಳು. ಹೊಲದ ಸಜ್ಜೆಯನ್ನು ಮನೆಯವರು ತಿನ್ನುವುದು ಬಿಟ್ಟು ಕಾಲವಾಗಿತ್ತು, ಅದು ಕೂಲಿಗೆ ಅಳೆಯುವ ಧಾನ್ಯವಾಗಿ ಮೂಲೆಯ ವಾಡೆಯಲ್ಲಿತ್ತು.

ಯರ್ರಮ್ಮ ಪ್ರತಿದಿನ ಒಳಗಿನಿಂದಲೇ ಕೇಳುವಳು. “ಹಿಡಿ ಬಿತ್ತಾ?”

“ಬಿತ್ತು ಅತ್ತೆ” ಎನ್ನುವಳು ಸೂರಮ್ಮ. ಗಡಿಗೆ ತುಂಬುತ್ತಿತ್ತು, ಸುಳ್ಳೇನಲ್ಲ. ಮುದ್ದಕ್ಕ ಬೀಸಿದ ಹಿಟ್ಟನ್ನು ಅಳೆದು ನೋಡಿದರೆ ಎಂದೂ ಒಂದು ಚಿಟಿಕೆ ಕಮ್ಮಿ ಇರುತ್ತಿರಲಿಲ್ಲ. “ಮುದ್ದಕ್ಕನಂಥ ಕೈ ಈ ಸೀಮೇಲಿಲ್ಲ” ಎಂದು ಸೂರಮ್ಮ ನೆರೆಯ ಲಕ್ಷ್ಮಕ್ಕನ ಮುಂದೆ ಜಂಬ ಕೊಚ್ಚುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಜೋಗಪ್ಪ ಊಟಕ್ಕೆ ಕೂತವನೇ ಎದೆಯುಬ್ಬಿಸಿ ಹೇಳಿದ.

“ಅವ್ವಾ, ಮೊಳಕಾಲ್ಮೂರಾಗೆ ಛತ್ರ ಕಟ್ಟಿಸ್ತೀನಿ ಅಂತ ಅಮಲ್ದಾರರಿಗೆ ಮಾತು ಕೊಟ್ಟು ಬಂದೀನಿ. ಬಾಗ್ಲ ಮೇಲೆ ಕಲ್ಲಾಗೆ ನಮ್ಮ ಹೆಸ್ರು.”

“ಛತ್ರದಾಗೆ ನೀರು ಯಾರು ಕೊಡ್ತಾರೆ?” ಎಂದಳು ಯರ್ರಮ್ಮ.

“ಆಳು ಇಡ್ತೀನಿ.”

“ನೀನು ಹೋಗಲ್ವಾ?”

“ನಾನು ಹೋಗಿ ಚೊಂಬು ಹಿಡ್ಕಂಡು ನಿಂತ್ರೆ ಇಲ್ಲಿ ಕಂಬ್ಳಿ ಯಾರು ಮಾರ್ತಾರೆ, ನಿನ್ನ ಮೊಮ್ಮಗ ಒಬ್ನೇ ಮಾರ್ತಾನಾ? ನಾನಲ್ಲಿ ಒಂದು ದಿನ ನಿಂತ್ರೆ ಆಗೋ ನಷ್ಟದಾಗೆ ನೂರು ಆಳು ಇಡಬೌದು.”

ಆ ಮಾತು ನಿಜವೇ ಆಗಿತ್ತು. ಯರ್ರಮ್ಮ ತನ್ನ ಮುದ್ದೆ ಮುರಿದಳು.

ಮುಂದಿನ ಸಂತೆಯ ದಿನ ಜಗಲಿಯಲ್ಲಿ ಅಂಬಲಿ ಹುಯ್ಯಲು ಮೊದಲ ಸಲ ಚಿನ್ನಕ್ಕ ಕೂತಳು. ಸೂರಮ್ಮನಿಗೆ ಮಂಡಿನೋವು. ಆ ಮಂಡಿನೋವು ಸಂತೆಯ ದಿನವೇ ಬರುತ್ತದೆಂದೂ, ಸೀರೆ ವ್ಯಾಪಾರದವರು ಬಂದರೆ ಹಾರಿಹೋಗುತ್ತದೆಂದೂ ಊರಿಗೆ ಗೊತ್ತು. ಅಂದು ಜಗಲಿಯ ಮುಂದೆ ನಿಂತ ಗಾಡಿಯವರು, ಉಣ್ಣೆಯವರು, ಕುರಿಯವರ ಸಾಲು ನಾಯಕನಹಟ್ಟಿಯ ತನಕ ಇತ್ತೆಂದರೆ ನೀವು ನಂಬಬೇಕು.

ಚಿನ್ನಕ್ಕ ಸೌಟು ಎತ್ತಿ ನೋಡಿ ಒಳಗೆ ಕೂಗಿದಳು. “ಅತ್ತಾ, ಅಂಬ್ಲಿ ಯಾಕೋ ಬೂದಿ ಬಣ್ಣ ಐತೆ. ಇದು ಸಜ್ಜಲು ಕದಾ?”

“ನಿನ್ನ ತೆಲುಗು ಕದಾ ಗಿದಾ ಎಲ್ಲ ನಿಮ್ಮ ಮೊಳಕಾಲ್ಮೂರಾಗೆ” ಎಂದಳು ಸೂರಮ್ಮ. “ಸಜ್ಜೆ ಆದ್ರೇನು, ಹೊಟ್ಟೆಗೇನು ಕಣ್ಣೈತಾ? ಹುಯ್ಯಿ.”

“ಅದಲ್ಲತ್ತೆ. ಕಲ್ಲಿಗೆ ನಾವು ಕೊಡೋದು ರಾಗಿ, ಜೋಳ. ಸಜ್ಜೆ ಮುದ್ದಕ್ಕನ ಕೂಲಿಗಲ್ವಾ ಅಳೆಯೋದು? ಗಡಿಗೇಗೆ ಹೆಂಗೆ ಬಂತು?”

ಗೋಡೆಯಾಚೆ ಮಲಗಿದ್ದ ಯರ್ರಮ್ಮ ಎದ್ದು ಕೂತಳು. “ಏನಂದೆ ಮಗಾ? ಇನ್ನೊಂದ್ಸಲ ಅನ್ನು.”

ಚಿನ್ನಕ್ಕ ಇನ್ನೊಂದು ಸಲ ಅಂದಳು.

ಮುದ್ದಕ್ಕನನ್ನು ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತಳು.

“ಮುದ್ದೀ, ಗಡಿಗೇಗೆ ಯಾರ ಕಾಳು ಹಾಕ್ತೀಯಾ?” ಎಂದಳು ಯರ್ರಮ್ಮ.

“ನಂದು ದೊಡ್ಡವ್ವಾ. ಹಿಂದಿನ ದಿನದ ಕೂಲೀಲಿ ತರ್ತೀನಿ. ಕಲ್ಲಿಗೆ ಕೂತೋಳ ಹಿಡಿ ಅಲ್ವಾ? ಕೂತೋಳು ನಾನು.”

“ನಮ್ಮ ರಾಗೀಲಿ ತಗೀಬೇಕಿತ್ತಲ್ಲೇ!” ಎಂದು ಸೂರಮ್ಮ ಹಣೆ ಬಡಿದುಕೊಂಡಳು.

“ಸೂರಕ್ಕಾ, ನೀವು ರಾಗಿ ಅಳೆದು ಕೊಡ್ತೀರಿ, ಹಿಟ್ಟು ಅಳೆದು ತಗಂತೀರಿ. ನಡುವೆ ಒಂದು ಹಿಡಿ ಕಮ್ಮಿ ಬಂದ್ರೆ ನನ್ನ ಏನಂತ ಕರೀತಿದ್ರಿ?”



“ಯಾವಾಗಿನಿಂದ?” ಎಂದಳು ಯರ್ರಮ್ಮ.

“ಬಂದ ದಿನದಿಂದ.”

“ನಿಮ್ಮತ್ತೆ ಹೊಟ್ಟೆಗೆ?”

“ಆಕೀಗೆ ಕಣ್ಣಿಲ್ಲ, ಕೈ ಐತೆ. ಮುದ್ದೆ ಸಣ್ಣಗಾಗೈತಲ್ಲೇ ಅಂತಾಳೆ. ಕಾಲ ಸಣ್ಣಗಾಗೈತೆ ಕಣತ್ತೆ ಅಂತೀನಿ.”

ಮುದ್ದಕ್ಕ ನಗಲೂ ಇಲ್ಲ, ಅಳಲೂ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋದಳು. ಹೊರಗೆ ಜನ ಅಂಬಲಿ ಕುಡಿದು “ಜೋಗಪ್ಪನ ಮನೆ ತಣ್ಣಗಿರ್ಲಿ” ಎಂದು ಹರಸಿ ಹೋಗುತ್ತಿದ್ದರು.

ಆ ಸಂಜೆ ಯರ್ರಮ್ಮ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

“ಯಾಕತ್ತೆ?” ಎಂದಳು ಸೂರಮ್ಮ.

“ಈ ಮನೆ ಹಿಡಿ ಬಿದ್ದು ವರ್ಷವಾತು. ನಾನು ಗೊತ್ತಿಲ್ದೆ ಉಂಡೆ. ಈಗ ಗೊತ್ತಾತು.”

ಜೋಗಪ್ಪ ಉಣ್ಣೆಯ ಕೊಟ್ಟಿಗೆಯಿಂದ ಓಡಿ ಬಂದ. ಗದರಿದ, ಗೋಗರೆದ, ಮತ್ತೆ ಗದರಿದ. ಮರುದಿನ ಅಕ್ಕಿಯ ಮೂಟೆಯನ್ನು ಮನೆಮುಂದೆ ತರಿಸಿದ. ಆ ಮೂಟೆಯನ್ನು ಎತ್ತಲು ಹದಿನಾರು ಆಳು ಬೇಕಾಯಿತು. ಅಷ್ಟು ಬೇಕಾಗಲಿಲ್ಲ ಎನ್ನುವವರು ಅಂದು ಊರಲ್ಲಿರಲಿಲ್ಲ. ಓಣಿಯ ಜನವೆಲ್ಲ ನೋಡುತ್ತಿರಲು ಮೂಟೆಯ ಬಾಯಿ ಬಿಚ್ಚಿದ.

“ಒಂದು ಹಿಡಿಗೆ ಒಂದು ಮೂಟೆ ಅವ್ವಾ! ನಿನ್ನ ಏಳು ತಲೆಮಾರಿನ ಹಿಡಿ ಐತೆ ಇದ್ರಾಗೆ. ಬಾ, ಉಣ್ಣು.”

“ಇದನ್ನ ಕೊಟ್ರೆ ನಿನ್ನ ತಟ್ಟೇಲಿ ಏನು ಕಮ್ಮಿ ಆಗ್ತೈತಪ್ಪಾ?”

“ಯಾಕೆ ಕಮ್ಮಿ ಆಗ್ಬೇಕು? ದೇವ್ರು ಕೊಟ್ಟಾನೆ.”

“ಹೂಂ” ಎಂದು ಯರ್ರಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನೀರು ಮಾತ್ರ ಕುಡಿದಳು.

“ಮುದ್ದಕ್ಕನಿಗೇ ನಮ್ಮ ಕಾಳು ಒಂದು ಹಿಡಿ ಕೊಟ್ಟು ಹಾಕ್ಸಿದ್ರಾಯ್ತಲ್ಲ” ಎಂದಳು ಸೂರಮ್ಮ.

“ಅದು ನೀನು ಉಣ್ಣೋ ಕಾಳೇನೇ? ಆಳಿಗೆ ಹಾಕೋ ಕಾಳು. ಆಳು ಬೀಸಿ, ಆಳು ಹಾಕಿ, ಆಳಿನ ತುತ್ತು. ನಿಂದು ಏನೈತೆ ಅದ್ರಾಗೆ?”

ಯರ್ರಮ್ಮನ ತುಟಿ ಒಣಗಿ ಒಡೆದದ್ದನ್ನು ನೋಡಿದ ಚಿನ್ನಕ್ಕ, ಮರುದಿನ ಕೋಳಿ ಕೂಗುವ ಮುಂಚೆ ಎದ್ದು ಸೆರಗು ಸಿಕ್ಕಿಸಿ ಕಲ್ಲಿಗೆ ಕೂತಳು.

“ಬೀಗರು ನೋಡಿದ್ರೆ ಏನಂತಾರೆ ನನ್ನ?” ಎಂದು ಸೂರಮ್ಮ ಹಾರಾಡಿದಳು.

“ನಮ್ಮಪ್ಪ ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಕಂಡೇ ಉಣ್ಣೋನು ಅತ್ತೆ. ಆತ ಏನಂತಾನೆ? ಇವತ್ತಿಂದ ನಂಗೆ ಅನ್ನ ಬ್ಯಾಡ, ಅಜ್ಜಿ ಜೊತೆ ಮುದ್ದೇನೇ ಉಣ್ತೀನಿ.”

ತಾನುಣ್ಣುವ ರಾಗಿಯಲ್ಲಿ ಒಂದು ಹಿಡಿ ಗಡಿಗೆಗೆ ಬಿತ್ತು. ಕಲ್ಲು ತಿರುಗಿತು. ಯರ್ರಮ್ಮ ಅಂದು ಉಂಡಳು. ಅಂದು ಅವಳ ಮುಂದಿಟ್ಟ ಮುದ್ದೆ ಜಟಂಗಿ ಗುಡ್ಡದಷ್ಟಿತ್ತು, ಸಾರು ಅದರ ಸುತ್ತ ಕೆರೆಯಾಗಿ ನಿಂತಿತ್ತು. ಜೋಗಪ್ಪ ನಿಟ್ಟುಸಿರುಬಿಟ್ಟು ಛತ್ರದ ಕಲ್ಲು ಆರಿಸಲು ಮೊಳಕಾಲ್ಮೂರಿಗೆ ಹೋದ.

ಮುದ್ದಕ್ಕ ಆ ಬೆಳಗ್ಗೆ ಎಂದಿನಂತೆ ಬಂದವಳು, ಕಲ್ಲಿನ ಮುಂದೆ ಚಿನ್ನಕ್ಕ ಕೂತಿದ್ದನ್ನು ನೋಡಿ ಸ್ವಲ್ಪ ಹೊತ್ತು ನಿಂತಳು. ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಅವಳು ಖಾಲಿ ಉಡಿಯಲ್ಲಿ ತಿರುಗಿ ಹೋದಳು.

“ಅರ್ಧ ಮುದ್ದಕ್ಕ ಬೀಸ್ಲಿ ಅತ್ತೆ” ಎಂದು ಚಿನ್ನಕ್ಕ ಅಂದದ್ದಕ್ಕೆ ಸೂರಮ್ಮ, “ಮನೇಲೇ ಬೀಸೋರು ಇರುವಾಗ ಕೂಲಿ ದಂಡ ಯಾಕೆ? ನಿಂಗೇ ಪುಣ್ಯ ಬೇಕಿತ್ತಲ್ಲ, ಪೂರಾ ತಗಾ” ಎಂದಳು.

ಇನ್ನು ನಮ್ಮೂರಿನ ಗುಣ ಹೇಳುತ್ತೇನೆ, ಕೇಳಿ. ಕಂಬಳಿ ಸಾಹುಕಾರನ ಸೊಸೆ ಧರ್ಮಕ್ಕಾಗಿ ತಾನೇ ಬೀಸುತ್ತಾಳಂತೆ ಎಂಬ ಸುದ್ದಿ ಒಂದೇ ಬೆಳಗಿಗೆ ಊರು ಸುತ್ತಿತು. ಪಕ್ಕದ ಓಣಿಯ ದಾಸಣ್ಣನ ಮನೆಯಲ್ಲಿ ಸೊಸೆ ಕಲ್ಲಿಗೆ ಕೂತಳು. ಎಣ್ಣೆ ವ್ಯಾಪಾರದ ಮಲ್ಲಿಕಾರ್ಜುನಪ್ಪನ ಮನೆಯಲ್ಲಿ ಇಬ್ಬರು ಸೊಸೆಯರನ್ನು ಎದುರುಬದುರು ಕೂರಿಸಿದರು. ಉಳ್ಳವರ ಮನೆಯ ಹೆಂಗಸರೆಲ್ಲ ಪುಣ್ಯಕ್ಕೆ ಬಿದ್ದು ಬೀಸಿದ ರಭಸಕ್ಕೆ ಊರು ಒಂದು ಗೇಣು ಕೆಳಗಿಳಿಯಿತು. ಮನೆಮನೆಗೂ ಹಿಡಿ ಗಡಿಗೆ ಬಂತು. ಬೀಸುವ ಹೆಂಗಸರಿಗೆ ಎಲ್ಲೂ ಕೆಲಸ ಉಳಿಯಲಿಲ್ಲ.

ಉಗಾದಿಯ ಹೊತ್ತಿಗೆ ಲಕ್ಷ್ಮಕ್ಕ ಮಜ್ಜಿಗೆ ಕೇಳಲು ಬಂದವಳು ಯರ್ರಮ್ಮನ ಬಳಿ ಕೂತು ಹೇಳಿದಳು. “ಮುದ್ದಕ್ಕನ ಮನೆ ಒಲೆ ದಿನ ಬಿಟ್ಟು ದಿನ ಉರೀತೈತಂತೆ.”

ಯರ್ರಮ್ಮ ಮಗನನ್ನು ಕರೆದಳು. ಜೋಗಪ್ಪ ಜಿಪುಣನಲ್ಲ. “ಅಷ್ಟೇ ತಾನೆ?” ಎಂದು ಹಿಂದಿನ ಕೂಲಿಯ ಎರಡರಷ್ಟು ಸಜ್ಜೆ ಕಳಿಸಿದ. ಮುದ್ದಕ್ಕ ಅದನ್ನು ಹೊತ್ತು ತಂದು ಜಗಲಿಯ ಮೇಲೆ ಇಳಿಸಿದಳು.

“ಯಾಕೆ? ಹುಳ ಬಿದ್ದಾವಾ?” ಎಂದ ಜೋಗಪ್ಪ.

“ಚೆನ್ನಾಗವೆ ಅಣ್ಣಾ. ಬೀಸದೆ ಹೆಂಗೆ ತಗಳ್ಳಿ? ಇದೂ ಒಂದೇ, ಸಂತೆ ದಿನ ಚರಿಗೆ ಹಿಡ್ಕಂಡು ನಿಮ್ಮ ಜಗ್ಲಿ ಮುಂದೆ ನಿಲ್ಲೋದೂ ಒಂದೇ.”

“ಉಣ್ಣೆ ಬಡಿಯಾಕೆ ಬಾ ಮತ್ತೆ.”

“ಹಗಲೆಲ್ಲ ಬಂದ್ರೆ ಅತ್ತೆನ್ನ ಯಾರು ನೋಡ್ತಾರೆ? ಬೆಳಗಾಗೋ ಮುಂಚಿನ ಕೆಲ್ಸ ಇದ್ರೆ ಹೇಳಣ್ಣಾ.”

“ಬೆಳಗಾಗೋ ಮುಂಚೆ ಬೀಸೋದೊಂದೇ ಕೆಲ್ಸ.”

“ಹೌದಲ್ಲ” ಎಂದು ಮುದ್ದಕ್ಕ ಹೋದಳು.

ಮುಂದಿನ ಸಂತೆಯ ದಿನ ಅವಳು ಜಗಲಿಯ ಮುಂದೆಯೇ ಹಾದುಹೋದಳು. ಗಂಟಲಿನ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು. ಯರ್ರಮ್ಮ ಕಿಟಕಿಯಿಂದ ಕೂಗಿದಳು. “ಮುದ್ದೀ, ಒಂದು ಗುಟುಕು ಕುಡ್ದು ಹೋಗೇ.”

“ಉಂಡಿದೀನಿ ದೊಡ್ಡವ್ವಾ” ಎಂದಳು ಮುದ್ದಕ್ಕ, ನಿಲ್ಲದೆ.

ಅದಾಗಿ ಕೆಲವು ದಿನಕ್ಕೆ ಚಿನ್ನಕ್ಕನ ಅಪ್ಪ ಗಾಡಿ ಕಟ್ಟಿಸಿಕೊಂಡು ಬಂದ. ಚೊಚ್ಚಲ ಬಸುರಿ, ತವರಿಗೆ ಕರೆದೊಯ್ಯಬೇಕು. ಚಿನ್ನಕ್ಕ ಅಜ್ಜಿಯ ಕಾಲಿಗೆ ಬಿದ್ದು, ಕಲ್ಲಿನ ಕಡೆ ಒಮ್ಮೆ ನೋಡಿ ಗಾಡಿ ಹತ್ತಿದಳು.

ಅಂದು ಸಂಜೆಯೇ ಮನೆಯಲ್ಲಿ ಮಾತು ಹತ್ತಿತು.

“ಸೂರಾ, ನಾಳೆಯಿಂದ ನೀನು ಕೂರು” ಎಂದಳು ಯರ್ರಮ್ಮ.

ಸೂರಮ್ಮ ಅಂಗೈ ಎರಡನ್ನೂ ಅತ್ತೆಯ ಮುಖದ ಮುಂದೆ ಹಿಡಿದಳು. “ನೋಡಿ ಅತ್ತೆ. ನಿಮ್ಮ ತೋಳು ಬಿದ್ದ ದಿನದಿಂದ ಬೀಸ್ದೆ. ಬಸುರೀಲಿ ಬೀಸ್ದೆ, ಬಾಣಂತೀಲಿ ಬೀಸ್ದೆ. ಈ ಗೂಟದ ಗುರುತು ಇನ್ನೂ ಹೋಗಿಲ್ಲ. ಕಡಗ ಅಂದಿದ್ದು ಒಂದು ನೆಪ. ನಂಗೆ ಸಾಕಾಗೈತೆ. ನಾನು ಇನ್ನು ಕೂರಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯರ್ರಮ್ಮ ಆ ಅಂಗೈಗಳನ್ನು ನೋಡಿ, “ಮಡಚ್ಕ” ಎಂದಳು.

ಮತ್ತೆ ಮಗನ ಕಡೆ ತಿರುಗಿದಳು. “ಮುದ್ದೀನ ಕರ್ಸು.”

“ಆಗಲ್ಲ ಅವ್ವಾ” ಎಂದ ಜೋಗಪ್ಪ. “ಆಕಿ ಕೂತ್ರೆ ಹಿಡಿ ಆಕೀದು. ನೀನು ಮತ್ತೆ ಉಪಾಸ ಬೀಳ್ತೀಯಾ. ಛತ್ರ ಕಟ್ಟಿಸೋನ ಮನೇಲಿ ಹೆತ್ತವ್ವ ಉಪಾಸ ಸತ್ಲು ಅಂದ್ರೆ ನಾನು ತಲೆ ಎತ್ತಿ ತಿರುಗ್ಲಾ? ಸಿದ್ದಾಪುರದಿಂದ ಇನ್ನೊಬ್ಳನ್ನ ತರ್ತೀನಿ. ಈ ಹಿಡಿಗಿಡಿ ಗೊತ್ತಿಲ್ದೋಳನ್ನ.”

“ಮುದ್ದಿ ಹಿಡಿ ಹಾಕಲ್ಲ. ನಾನು ಹೇಳ್ತೀನಿ.”

“ಹಿಡೀನೇ ಇಲ್ದಿದ್ರೆ, ತುತ್ತು ಮುಟ್ಟಲ್ಲ ಅಂದಿದ್ದ ನಿನ್ನ ಮಾತು?”

ಯರ್ರಮ್ಮ ಬಿದ್ದ ತೋಳನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

“ಉಣ್ತೀನಿ. ಮುದ್ದಿ ಈ ಕಲ್ಲು ಬೀಸೋ ತನಕ ನೀನು ಹಾಕಿದ್ದು ಉಣ್ತೀನಿ. ಆಕಿನ್ನ ಬಿಡ್ಸಿದ ದಿನ ತುತ್ತು ಬಿಡ್ತೀನಿ.”

ಜೋಗಪ್ಪ ಅವ್ವನನ್ನು ನೋಡಿದ. ಆಮೇಲೆ “ಸರಿ” ಎಂದು ಆಳನ್ನು ಕಳಿಸಿದ.

ಮರುದಿನ ಮುದ್ದಕ್ಕ ಬಂದಳು. ಕಲ್ಲಿನ ಪಕ್ಕದಲ್ಲಿ ಯರ್ರಮ್ಮ ಕೂತಿದ್ದಳು.

“ಇನ್ಮೇಲೆ ಹಿಡಿ ಹಾಕ್ಬ್ಯಾಡ ಮುದ್ದೀ.”

“ಅದು ನಿಮ್ಗಂತ ಹಾಕಿದ್ದಲ್ಲ ದೊಡ್ಡವ್ವಾ.”

“ಗೊತ್ತು.”

“ನನ್ನ ಹಿಡಿ ಬ್ಯಾಡ ಅನ್ನಾಕೆ ನೀವ್ಯಾರು?”

“ಸಾಹುಕಾರನ ಅವ್ವ” ಎಂದಳು ಯರ್ರಮ್ಮ. “ಹಾಕಿದ್ರೆ ನಾಳೆಯಿಂದ ಬರ್ಬ್ಯಾಡ.”

ಮುದ್ದಕ್ಕ ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ಕೂತಳು. ಜೋಳ ಹಾಕಿದಳು. ಕಲ್ಲು ತಿರುಗಿತು. ಬಿಸಿಲೇರುವುದರೊಳಗೆ ಸೂರಮ್ಮ ಅಳೆದುಕೊಟ್ಟ ಸಜ್ಜೆಯನ್ನು ಉಡಿಗೆ ಹಾಕಿಸಿಕೊಂಡು ಮನೆಗೆ ಹೋದಳು.

ಆ ವಾರದ ಸಂತೆಯ ದಿನ ಜೋಗಪ್ಪ ಒಬ್ಬ ಅಡುಗೆಯವನನ್ನು ಗೊತ್ತು ಮಾಡಿದ. ಅಂಬಲಿಯ ಬದಲು ಅಕ್ಕಿ ಗಂಜಿ, ಮೇಲೆ ಮಜ್ಜಿಗೆ, ನಂಜಿಕೊಳ್ಳಲು ಉಪ್ಪಿನಕಾಯಿ. ಜನ ಎರಡೆರಡು ಸಲ ಕುಡಿದರು.

ಮಧ್ಯಾಹ್ನ ಯರ್ರಮ್ಮ ಕೇಳಿದಳು. “ಜನ ಏನಂದ್ರು?”

“ಮುಂಚಿನದಕ್ಕಿಂತ ಚೆನ್ನಾಗೈತೆ ಅಂದ್ರು ಅತ್ತೆ” ಎಂದಳು ಸೂರಮ್ಮ.

“ಮುದ್ದಿ ಬಂದಿದ್ಲಾ?”

“ಬೆಳಿಗ್ಗೆ ಬೀಸಿ ಹೋದ್ಲು.”

ಅಂದು ಆಳುಗಳಿಗೇ ಮುದ್ದೆ ಸಾಲದೆ ಯರ್ರಮ್ಮನಿಗೆ ಉಳಿದಿರಲಿಲ್ಲ. ಸೂರಮ್ಮ ಅತ್ತೆಯ ಮುಂದೆ ಅನ್ನದ ತಟ್ಟೆ ತಂದಿಟ್ಟು, ಅಳುಕುತ್ತ ನಿಂತಳು. ಯರ್ರಮ್ಮ ಎಡಗೈಯಲ್ಲಿ ಅನ್ನ ಕಲಸಿದಳು. ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಬಾಗಿಲಲ್ಲಿ ನಿಂತಿದ್ದ ಜೋಗಪ್ಪ ಅದನ್ನು ನೋಡಿ ಹೊರಗೆ ಹೋದ. ತಟ್ಟೆ ಖಾಲಿಯಾಯಿತು.

“ಇನ್ನೊಂದಿಷ್ಟು ಹಾಕ್ಲಾ ಅತ್ತೆ?” ಎಂದಳು ಸೂರಮ್ಮ.

“ಹಾಕು” ಎಂದಳು ಯರ್ರಮ್ಮ.